ಅತ್ತೆಯ ಬೆನ್ನ ಮೇಲಿನ ಜಾಹೀರಾತು

ಸತ್ತವರ ಸೀರೆ ಹಂಚುವುದು ಕಷ್ಟದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಸೀರೆ ಯಾರಿಗೆ ಎಂಬುದನ್ನು ಬಂದವರು ಅಳುತ್ತಲೇ ನೋಡಿಟ್ಟುಕೊಂಡಿರುತ್ತಾರೆ. ನಮ್ಮ ಅತ್ತೆ ಗೌರವ್ವ ತೀರಿಕೊಂಡ ಮೇಲೆ ಆಕೆಯ ಟ್ರಂಕು ಅರ್ಧ ತಾಸಿನಲ್ಲಿ ಖಾಲಿಯಾಯಿತು. ಇಳಕಲ್ ಸೀರೆ ಬ್ಯಾಡಗಿಯಿಂದ ಬಂದ ಆಕೆಯ ತಂಗಿಗೆ ಹೋಯಿತು. ಮಡಿಕೆ ಬಿಚ್ಚದ ಎರಡು ಸೀರೆ ನನ್ನ ನಾದಿನಿಗೆ. ಎಲೆ ಅಡಿಕೆಯ ಸಂಚಿಯನ್ನು ಯಾರೋ "ನೆನಪಿಗಿರಲಿ" ಅಂತ ಒಳಗಿದ್ದ ಅಡಿಕೆ ಸಮೇತ ಒಯ್ದರು. ಕೊನೆಗೆ ಪಡಸಾಲೆಯ ಗೂಟದಲ್ಲಿ ಒಂದೇ ಒಂದು ಬಟ್ಟೆ ಉಳಿಯಿತು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಅದೊಂದು ಟೀ ಶರ್ಟು. ಗಿಳಿಹಸಿರು ಬಣ್ಣ, ತುಂಬುತೋಳು. ಮುಂದೆ ಎದೆಯ ಮೇಲೆ ಒಂದು ಬಾಟಲಿಯ ಚಿತ್ರ. ಹಿಂದೆ ಬೆನ್ನಗಲಕ್ಕೆ ದಪ್ಪ ಹಳದಿ ಅಕ್ಷರಗಳಲ್ಲಿ, "ಕಸದ ಕಥೆ ಮುಗೀತು!" ಎಂಬ ಬರಹ. ಅದರ ಕೆಳಗೆ ಬಾಡಿ ಬಿದ್ದ ಒಂದು ಗಿಡ, ಅದರ ಮೇಲೆ ಕೆಂಪು ಕಾಟಿನ ಗುರುತು. ಕಸ ಅಂದರೆ ಬೆಳೆಯ ನಡುವೆ ಕರೆಯದೆ ಹುಟ್ಟುವ ಹುಲ್ಲು, ಗಿಡ. ಪುಸ್ತಕದಲ್ಲಿ ಅದನ್ನು ಕಳೆ ಅನ್ನುತ್ತಾರೆ. ನಮ್ಮ ಕಡೆ ಕಸ. ಅದನ್ನು ಸುಡುವ ಔಷಧಿಗೆ ಎಣ್ಣಿ.

ಅತ್ತೆಯನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮದುವೆಯಾದ ಹೊಸದರಲ್ಲಿ ನಾನು "ಅವರು, ಇವರು" ಅಂದಾಗ ಆಕೆ ಹೊರಳಿ ಬಾಗಿಲ ಕಡೆ ನೋಡುತ್ತಿದ್ದಳು, ಬೀಗರು ಯಾರಾದರೂ ಬಂದರೇನೋ ಅಂತ.

ನನ್ನ ಗಂಡ ಬಸವರಾಜ ಹಾವೇರಿಯ ಒಂದು ಗೊಬ್ಬರ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ನಮ್ಮೂರು ಅಗಡಿಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಾರೆ. ಸುತ್ತಿನ ಹಳ್ಳಿಯವರಿಗೆ ಯಾವ ಕಸಕ್ಕೆ ಯಾವ ಎಣ್ಣಿ, ಎಷ್ಟು ಮುಚ್ಚಳ, ಎಷ್ಟು ಕ್ಯಾನು ನೀರು ಅಂತ ಹೇಳುವುದು ಇವರ ಕೆಲಸ. ಹಂಗಾಮಿನಲ್ಲಿ ಕಂಪನಿಯವರು ಟೊಪ್ಪಿಗೆ, ಟೀ ಶರ್ಟು ಹಂಚುತ್ತಾರೆ. ಹಾಗೆ ಬಂದ ಒಂದನ್ನು ಇವರು ಮನೆಗೆ ತಂದರು. ನಮ್ಮ ಕಡೆ ಹೆಂಗಸರು ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಡುವುದು ರೂಢಿ. ಬಿಸಿಲು ತಾಗುವುದಿಲ್ಲ, ಎಲೆ ತರಚುವುದಿಲ್ಲ. ಮಾವನ ಅಂಗಿಗಳನ್ನೆಲ್ಲ ಅತ್ತೆ ತೊಟ್ಟು ತೊಟ್ಟು ಹರಿದು ಮುಗಿಸಿದ್ದಳು. ಹಸಿರು ಶರ್ಟು ಕಂಡ ಕೂಡಲೇ ಮಗನ ಕೈಯಿಂದ ಕಸಿದುಕೊಂಡಳು.

ಆಕೆಗೆ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಪಂಡಿತೆ ನಾನು. ನನ್ನನ್ನು ಕರೆದು ಕೇಳಿದಳು.

"ಶಾರೀ, ಬೆನ್ನ ಮ್ಯಾಲೆ ಏನ್ ಬರದಾರ?"

"ಕಸದ ಕಥೆ ಮುಗೀತು ಅಂತ ಬರದಾರ್ರೀ ಅತ್ತಿ. ಇವ್ರು ಮಾರೋ ಎಣ್ಣೀದು ಜಾಹೀರಾತು ಅದು."

ಅತ್ತೆ ಸ್ವಲ್ಪ ಯೋಚಿಸಿದಳು. "ಎಣ್ಣೀದು ಅಂತ ಯಾಕ ತಿಳೀಬೇಕು? ಕಸದ ಕಥಿ ಮುಗಿಸಾಕಿ ನಾನು. ಬರದವ್ರು ಖರೇನ ಬರದಾರ" ಅಂದವಳೇ ತೊಟ್ಟುಕೊಂಡು ಹೊಲಕ್ಕೆ ನಡೆದಳು.

ಹಾಗೆ ಐದಾರು ವರ್ಷ, ಎಣ್ಣಿಯ ಒಂದು ಹನಿಯೂ ಬೀಳದ ಮೂರು ಎಕರೆ ಹತ್ತಿ ಹೊಲದಲ್ಲಿ, ಎಣ್ಣಿಯ ಜಾಹೀರಾತು ಬೆನ್ನ ಮೇಲೆ ಹೊತ್ತುಕೊಂಡು ಒಬ್ಬ ಮುದುಕಿ ಕುಕ್ಕರುಗಾಲಿನಲ್ಲಿ ಕೂತು ಕಸ ತೆಗೆಯುತ್ತಿದ್ದಳು. ರಸ್ತೆಯಲ್ಲಿ ಹೋಗುವವರು ಅಷ್ಟು ಸ್ವಚ್ಛ ಹೊಲ ನೋಡಿ, ಬೆನ್ನ ಮೇಲಿನ ಬರಹ ಓದಿ, ನೇರ ಇವರ ಅಂಗಡಿಗೆ ಹೋಗಿ ಅದೇ ಬಾಟಲಿ ಕೇಳುತ್ತಿದ್ದರಂತೆ. ಇವರು ತುಟಿ ಪಿಟಕ್ಕೆನ್ನದೆ ಕೊಡುತ್ತಿದ್ದರು.

ಮಗ ಬಿಡುತ್ತಿದ್ದನೇ? ಪ್ರತಿ ವರ್ಷ ಹತ್ತಿ ಗೇಣುದ್ದ ಬಂದ ಕೂಡಲೇ ಊಟದ ಹೊತ್ತಿಗೆ ಸರಿಯಾಗಿ ಇವರ ಪಾಠ ಶುರು.

"ಯವ್ವಾ, ಊರಿಗೆಲ್ಲಾ ನಾ ಹೇಳತೇನಿ. ನಮ್ಮ ಹೊಲಕ್ಕ ಹೊಡಿಯಾಕ ನೀ ಬಿಡವಲ್ಲಿ. ಮಂದಿ ನಗ್ತಾರ."

"ನಗಲಿ. ನಕ್ಕೋತ ಇದ್ರ ಬಾಟ್ಲಿ ಹೆಚ್ಚು ತೊಗೋತಾರ. ನಿನಗ ಚಲೋ ಅಲ್ಲೇನು?"

"ಒಂದ್ ದಿನದ ಕೆಲಸ ಯವ್ವಾ. ನೀ ಇಪ್ಪತ್ತ್ ದಿನ ಕುಂಡಿ ಎಳಕೋತ ಕುಂದರ್ತಿ."

"ನನ್ನ ಕುಂಡಿ, ನನ್ನ ಹೊಲ. ನೀ ರೊಟ್ಟಿ ತಿನ್ನು."

ಅತ್ತೆಯ ಹಟದ ಹಿಂದೆ ದೊಡ್ಡ ತತ್ವ ಇತ್ತು ಅಂತ ನಾನು ಹೇಳಲಾರೆ. ಒಂದು ವರ್ಷ ಪಕ್ಕದ ಹೊಲದವರು ಗೋವಿನಜೋಳಕ್ಕೆ ಎಣ್ಣಿ ಹೊಡೆದಿದ್ದರು. ಗಾಳಿ ನಮ್ಮ ಕಡೆ ಇತ್ತು. ಎಂಟು ದಿನದಲ್ಲಿ ನಮ್ಮ ನಾಲ್ಕು ಸಾಲು ಹತ್ತಿಯ ಎಲೆಗಳು ಸೊಟ್ಟಗಾಗಿ ಕೋಳಿ ಕಾಲಿನಂತಾದವು. "ಅದು ಬ್ಯಾರೆ ಎಣ್ಣಿ ಯವ್ವಾ, ನಾ ಹೇಳೋದು ಬ್ಯಾರೆ" ಅಂತ ಇವರು ಎಷ್ಟು ತಿಳಿಸಿದರೂ, "ಎಲ್ಲಾ ಒಂದ ಅಂಗಡ್ಯಾಗಿಂದ ಬಂದಾವು" ಅನ್ನುವುದು ಆಕೆಯ ತೀರ್ಮಾನ. ಎರಡನೆಯ ಕಾರಣ ಹೊಟ್ಟೆಯದು. ಸಾಲಿನ ನಡುವೆ ಹುಟ್ಟುವ ಹಕ್ಕರಿಕೆ, ಗೋಣಿಸೊಪ್ಪು ಆಕೆಗೆ ಕಸವೇ ಅಲ್ಲ. ಹಕ್ಕರಿಕೆಯನ್ನು ತೊಳೆದು, ಹಸಿಯದೇ ರೊಟ್ಟಿಯ ಮೇಲಿಟ್ಟು, ಒಂದು ಚಿಟಿಕೆ ಉಪ್ಪು, ಶೇಂಗಾ ಚಟ್ನಿ ಹಚ್ಚಿಕೊಂಡು ಕಣ್ಣು ಮುಚ್ಚಿ ತಿನ್ನುವಳು. ಉಳಿದದ್ದು ಎಮ್ಮೆಗೆ. ಎಣ್ಣಿ ಬಿದ್ದ ಮೇಲೆ ಆಕೆಗೂ ಉಪವಾಸ, ಎಮ್ಮೆಗೂ ಉಪವಾಸ.

ಹಾಗಂತ ಬರೀ ಕೂತು ಕಿತ್ತರೆ ಮೂರು ಎಕರೆ ಮುಗಿಯುವುದಿಲ್ಲ. ಅತ್ತೆಯ ಲೆಕ್ಕಾಚಾರ ಮುಂಗಾರಿನ ಮೊದಲ ಮಳೆಗೇ ಶುರುವಾಗುತ್ತಿತ್ತು. ಊರವರೆಲ್ಲ ಬೀಜ ಹಿಡಿದು ಓಡುವಾಗ ಈಕೆ ಓಡುತ್ತಿರಲಿಲ್ಲ. ಮೊದಲ ಮಳೆಗೆ ಕಸ ಹುಟ್ಟಲು ಬಿಡುವಳು. ಹೊಲವೆಲ್ಲ ಹಸಿರಾದ ಮೇಲೆ ಎತ್ತು ಕಟ್ಟಿಸಿ ಕುಂಟೆ ಹೊಡೆಸಿ ಎಲ್ಲವನ್ನೂ ಮಗುಚಿ ಒಣಗಿಸುವಳು. ಬಿತ್ತನೆ ಆಮೇಲೆ. "ಉಣ್ಣಾಕ ಬರ್ರಿ ಅಂತ ಬೀಗರ್ನ ಕರಿಯೋದು. ಎಲ್ಲಾರೂ ಬಂದ್ ಕುಂತ ಮ್ಯಾಲೆ ಬಾರಕೋಲು ತಗಿಯೋದು" ಅನ್ನುವಳು. ಆಮೇಲೆ ಹತ್ತಿಯ ಸಾಲುಗಳ ನಡುವೆ ಹೆಸರು ಬಿತ್ತುವಳು. ಅದು ಬೇಗ ಹಬ್ಬಿ ನೆಲ ಮುಚ್ಚಿ ಕಸಕ್ಕೆ ಬಿಸಿಲು ಸಿಗದಂತೆ ಮಾಡುತ್ತದೆ. ಹೆಸರು ಕಿತ್ತ ಮೇಲೆ ಅದರ ಹೊಟ್ಟು, ಹೋದ ವರ್ಷದ ಗೋವಿನಜೋಳದ ಒಣ ಎಲೆಯ ರವದಿ, ಎಲ್ಲವನ್ನೂ ಸಾಲಿಗೆ ಹಾಸುವಳು. ಈ ನಡುವೆ ಎರಡು ಸಲ, ಸಾಲಿನ ಸಂದಿನಲ್ಲಿ ಎಳೆಯುವ ಎಡೆಕುಂಟೆ. ಎಡೆಕುಂಟೆ ಹೋಗದ ಗಿಡದ ಬುಡಕ್ಕೆ ಮಾತ್ರ ಕೈ, ಕುರ್ಚಗಿ. ಕುರ್ಚಗಿ ಅಂದರೆ ಅಂಗೈಯಷ್ಟೇ ಇರುವ ಬಾಗಿದ ಕಬ್ಬಿಣ. ನಮ್ಮ ಮನೆಯಲ್ಲಿ ಅದು ಅಡಿಗೆಮನೆಯಲ್ಲಿ ಸೌಟುಗಳ ಜತೆ ಇರುತ್ತಿತ್ತು. ಒಮ್ಮೆ ಬೀಗರ ಮುಂದೆ ನಾನು ಅದರಿಂದಲೇ ಉಪ್ಪಿಟ್ಟು ಬಡಿಸಲು ಹೋಗಿದ್ದೆ.

ಈಗ ಎತ್ತು ಸಿಗುವುದಿಲ್ಲ. ಆದಿತ್ಯವಾರ ಬಂದರೆ ನಮ್ಮ ಯಜಮಾನರೇ ಸೈಕಲ್ ಕುಂಟೆ ನೂಕುತ್ತಾರೆ. ಹಳೆಯ ಸೈಕಲ್ಲಿನ ಮುಂದಿನ ಗಾಲಿ, ಹ್ಯಾಂಡಲ್ಲು, ಕೆಳಗೆ ಮಣ್ಣು ಕೆದರಲು ಒಂದು ಕಬ್ಬಿಣದ ಕುಡ. ಸಾಲಿನ ತುದಿ ಮುಟ್ಟುವಷ್ಟರಲ್ಲಿ ಇವರ ಉಸಿರು ಊರಿಗೆಲ್ಲ ಕೇಳುತ್ತದೆ. ಎಣ್ಣಿ ಮಾರುವವರು ಕುಂಟೆಗೆ ಹೇಗೆ ಬಂದರು ಅನ್ನುತ್ತೀರಾ? ಹೇಳುತ್ತೇನೆ. ಅದಕ್ಕಿಂತ ಮೊದಲು ಚನ್ನಪ್ಪನ ವಿಷಯ ಹೇಳಬೇಕು.

ಅತ್ತೆ ಕಸಕ್ಕೆಲ್ಲ ನೆಂಟರ ಹೆಸರಿಟ್ಟಿದ್ದಳು. ಕರಿಕೆ ಹುಲ್ಲಿಗೆ ತನ್ನ ನಾದಿನಿಯ ಹೆಸರು. ಎರಡು ದಿನಕ್ಕೆಂದು ಬಂದು, ಕೂತಲ್ಲೆಲ್ಲ ಬೇರು ಬಿಡುತ್ತಿದ್ದಳಂತೆ. ಜೇಕು ಅನ್ನುವ ಇನ್ನೊಂದಿದೆ. ಮೇಲೆ ಹುಲ್ಲು, ಕೆಳಗೆ ಕರಿಯ ಗಡ್ಡೆ. ಹುಲ್ಲು ಕಿತ್ತರೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಕೂತು ನಾಲ್ಕು ದಿನಕ್ಕೆ ಮತ್ತೆ ತಲೆ ಎತ್ತುತ್ತದೆ. ಅದಕ್ಕೆ ಅತ್ತೆ ಇಟ್ಟದ್ದು ತನ್ನ ಮೈದುನ ಚನ್ನಪ್ಪನ ಹೆಸರು. ಹೊಲದ ಬೇವಿನ ಮರದ ಮೂಲೆಯಲ್ಲಿ ಜೇಕು ಹೆಚ್ಚು. "ಶಾರೀ, ಮೂಲ್ಯಾಗ ಚನ್ನಪ್ಪ ಎದ್ದಾನ, ಬಾ" ಅಂದರೆ ಕುರ್ಚಗಿ ಹಿಡಿದು ಹೋಗಬೇಕು ಅಂತ ಅರ್ಥ. ನಿಜವಾದ ಚನ್ನಪ್ಪ ಕಾಕಾ ಪಕ್ಕದ ಓಣಿಯಲ್ಲಿ ಏನೂ ತಿಳಿಯದೆ ಚಹಾ ಕುಡಿಯುತ್ತಿದ್ದರು.

ನನಗೂ ಒಂದು ಕಸದ ಬಿರುದು ಇದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅರ್ಧ ತಾಲೂಕಿಗೆ ಗೊತ್ತು.

ನಾನು ಹುಟ್ಟಿ ಬೆಳೆದದ್ದು ರಾಣೆಬೆನ್ನೂರಲ್ಲಿ. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಹೊಲ ಅಂದರೆ ನಮಗೆ ಬಸ್ಸಿನ ಕಿಟಕಿಯಿಂದ ಕಾಣುವ ವಸ್ತು. ನಮ್ಮ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಮುದ್ರೆ ಗಿಡ ದಂಡಿಯಾಗಿ ಬೆಳೆಯುತ್ತಿತ್ತು. ಅದರ ಕಾಯಿ ಚಕ್ರದ ಹಾಗಿರುತ್ತದೆ. ಮಸಿಯಲ್ಲಿ ಅದ್ದಿ ಅಂಗೈಗೆ, ಪಾಟಿಚೀಲಕ್ಕೆ, ಮುಂದೆ ಕೂತವಳ ಲಂಗಕ್ಕೆ ಒತ್ತಿದರೆ ಸರಕಾರಿ ಸಿಕ್ಕಾ ಬಿದ್ದಂತೆ ಕಾಣುತ್ತಿತ್ತು. ಆ ಸಿಕ್ಕಾ ಒತ್ತಿ ನಾನು ಎಷ್ಟೋ ಹುಡುಗಿಯರಿಗೆ ರಜೆ ಮಂಜೂರು ಮಾಡಿದ್ದೇನೆ. ಇಷ್ಟೆಲ್ಲ ಪರಿಚಯ ಇದ್ದರೂ ಆ ಗಿಡ ಎಳೆಯದಾಗಿದ್ದಾಗ ಹೇಗಿರುತ್ತದೆ ಅಂತ ನಾನೆಂದೂ ನೋಡಿರಲಿಲ್ಲ.

ಮದುವೆಯಾದ ಮೊದಲ ಮಳೆಗಾಲ. ಅತ್ತೆ ನನಗೊಂದು ಸಾಲು ತೋರಿಸಿ, "ಹತ್ತಿ ಬಿಡು, ಉಳಿದಿದ್ದು ಕೀಳು" ಅಂದಳು. ಸಾಲಿನಲ್ಲಿ ಎರಡು ಥರದ ಸಸಿ ಇದ್ದವು. ಒಂದು ತೆಳ್ಳಗೆ, ಎಲೆ ಸೀಳಿದ ಹಾಗೆ, ಬಡಕಲು. ಇನ್ನೊಂದು ದುಂಡಗೆ, ಹೃದಯದಾಕಾರದ ಎಲೆ, ಮುಟ್ಟಿದರೆ ಮಖಮಲ್ಲು. ಮಖಮಲ್ಲಿನಂಥ ಗಿಡದಲ್ಲಲ್ಲದೆ ಹತ್ತಿ ಇನ್ನೆಲ್ಲಿ ಬಿಡುತ್ತದೆ ಅಂತ ಎಸ್ಸೆಸ್ಸೆಲ್ಸಿ ಪಾಸಾದ ತಲೆ ಯೋಚಿಸಿತು. ಎರಡೂ ಒಟ್ಟಿಗೆ ಇದ್ದಲ್ಲೆಲ್ಲ ಬಡಕಲನ್ನು ಕಿತ್ತೆ, ಮಖಮಲ್ಲನ್ನು ಬಿಟ್ಟೆ. ಬುಡಕ್ಕೆ ಮಣ್ಣನ್ನೂ ಏರಿಸಿದೆ.

ಅತ್ತೆ ಹಿಂದಿನಿಂದ ಬಂದು ನಿಂತಳು.

"ಶಾರೀ, ಇದೇನಿದು?"

"ಹತ್ತಿರೀ ಅತ್ತಿ."

"ಹೌದಾ. ಚಲೋ ಐತಿ ತೊಗೊ."

ಬೈಯಲಿಲ್ಲ. ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅತ್ತೆ ಆ ಸಾಲಿನ ಮುದ್ರೆ ಸಸಿಗಳನ್ನೆಲ್ಲ ತಾನೇ ಕಿತ್ತು, ಖಾಲಿ ಜಾಗಕ್ಕೆ ಮತ್ತೆ ಬೀಜ ಊರಿದಳು. ಒಂದೇ ಒಂದು ಮುದ್ರೆ ಗಿಡವನ್ನು ಮಾತ್ರ ಸಾಲಿನ ನಟ್ಟನಡುವೆ ಹಾಗೇ ಬಿಟ್ಟಳು. ಅದು ನನ್ನ ಎದೆಮಟ್ಟ ಬೆಳೆಯಿತು. ಹಳದಿ ಹೂ ಬಿಟ್ಟಿತು. ಹತ್ತಿ ಬಿಡಿಸುವ ತನಕ, ಹೊಲಕ್ಕೆ ಬಂದ ಪ್ರತಿಯೊಬ್ಬರನ್ನೂ ಅತ್ತೆ ಕೈ ಹಿಡಿದು ಅಲ್ಲಿಗೆ ಕರೆದೊಯ್ಯುವಳು. "ಬರ್ರಿ, ಇದು ನಮ್ಮ ಸೊಸಿ ಹತ್ತಿ ನೋಡ್ರಿ. ರಾಣೆಬೆನ್ನೂರು ತಳಿ."

ದೀಪಾವಳಿಗೆ ನನ್ನನ್ನು ಕರೆಯಲು ಬಂದ ಅಪ್ಪನಿಗೂ ತೋರಿಸಿದಳು. ಅಪ್ಪ ಎಲೆ ಮುಟ್ಟಿ ನೋಡಿ, ತಲೆದೂಗಿ, "ಭಾಳ ಚಲೋ ಬಂದೈತಿ ನೋಡ್ರಿ ಬೀಗತಿ. ಹತ್ತಿ ಯಾವಾಗ ಒಡೀತೈತಿ?" ಅಂದರು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಬೇವಿನ ಮರದ ಹಿಂದೆ ಹೋದಳು. ಅಲ್ಲಿಂದ ಬಂದ ಸದ್ದಿಗೆ ಅಪ್ಪ ಗಾಬರಿಯಾಗಿ, ಬೀಗತಿಗೆ ದಮ್ಮಿನ ಕಾಯಿಲೆ ಇದೆಯೇ ಅಂತ ನನ್ನನ್ನು ಕೇಳಿದರು.

ಒಂದು ವರ್ಷ ನಮ್ಮೂರಲ್ಲಿ ಪರಿಸರಸ್ನೇಹಿ ಕಳೆ ನಿರ್ವಹಣೆ ಅಂತ ಒಂದು ತರಬೇತಿ ನಡೆಯಿತು. ಹರೆಯದ ಸಾಹೇಬರೊಬ್ಬರು ಬಂದಿದ್ದರು. ಭಾಷಣ ಮುಗಿಸಿ ಎಲ್ಲರನ್ನೂ ನಮ್ಮ ಹೊಲಕ್ಕೇ ಕರೆತಂದರು. ಅತ್ತೆ ಸಾಲಿನಲ್ಲಿ ಕೂತಿದ್ದಳು, ಏಳಲಿಲ್ಲ.

"ಅಜ್ಜೀ, ಇಷ್ಟು ಸ್ವಚ್ಛ ಇಟ್ಟೀರಲ್ಲ, ನಿಮ್ಮ ಪದ್ಧತಿ ಏನ್ರಿ?"

"ಸೊಂಟ."

"ಅಂದ್ರ?"

"ಸೊಂಟ ರೀ ಸಾಹೇಬ್ರ. ಬಗ್ಗೂದು. ಬರಕೋರಿ, ಮರತೀರಿ."

ಸಾಹೇಬರು ನಿಜವಾಗಿಯೂ ಬರೆದುಕೊಂಡರು. ಫೋಟೋ ತೆಗೆಯುವಾಗ ಪಜೀತಿಯಾಯಿತು. ಎಣ್ಣಿ ಬೇಡ ಅನ್ನುವ ತರಬೇತಿಯ ಫೋಟೋದಲ್ಲಿ ನಡುವೆ ಎಣ್ಣಿಯ ಜಾಹೀರಾತು. "ಅಜ್ಜೀ, ಈ ಕಡೆ ಹೊಳ್ಳಿ ಕುಂದರ್ರಿ" ಅಂದರೆ, ಬಿಸಿಲು ಕಣ್ಣಿಗೆ ಬೀಳುತ್ತದೆ ಅಂತ ಈಕೆ ಒಲ್ಲೆ. ಕೊನೆಗೆ ಸಾಹೇಬರೇ ಕೊಡೆ ಹಿಡಿದು ನಿಂತ ಮೇಲೆ ಹೊರಳಿದಳು. ಆಕೆ ಕ್ಯಾಮೆರಾ ನೋಡಿ ನಕ್ಕ ಫೋಟೋ ಅಂತ ಇರುವುದು ಅದೊಂದೇ.

ಈಗ ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡಿರುವುದೂ ಅದೇ. ದೊಡ್ಡದು ಮಾಡಿಸಲು ಹಾವೇರಿಯ ಸ್ಟುಡಿಯೋಕ್ಕೆ ಕೊಟ್ಟಾಗ ಆತ, "ಟೀ ಶರ್ಟ್ ಚಲೋ ಕಾಣೂದಿಲ್ರಿ, ಕಂಪ್ಯೂಟರ್ನಾಗ ಸೀರಿ ಉಡಸ್ತೇವಿ" ಅಂದ. ಉಡಿಸಿದ. ಕೊರಳಿಗೆ ಬೋರಮಾಳ ಸರವನ್ನೂ ಹಾಕಿದ. ಜೀವಮಾನವಿಡೀ ಬೋರಮಾಳ ಬೇಕು ಅಂತಿದ್ದ ಮುದುಕಿಗೆ ಸತ್ತ ಮೇಲೆ ಪುಕ್ಕಟೆ ಸಿಕ್ಕಿತು. ಆದರೆ ಕುತ್ತಿಗೆಯ ಹತ್ತಿರ ಅಳಿಸುವುದನ್ನು ಮರೆತಿದ್ದಾನೆ. ನೋಡುವವರು ನೋಡಿದರೆ, ರೇಷ್ಮೆ ಸೀರೆಯ ಒಳಗಿಂದ ಬೆರಳಗಲ ಗಿಳಿಹಸಿರು ಇಣುಕುತ್ತದೆ.

ಆಕೆ ಹೋದದ್ದು ಆಷಾಢದಲ್ಲಿ. ಕಾಯಿಲೆ ಏನೂ ಇರಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. "ಶಾರೀ, ರಾತ್ರಿ ಮಳಿ ಆಗೇತಿ. ಮೂಲ್ಯಾಗ ಚನ್ನಪ್ಪ ಎದ್ದಿರಬೇಕು ನೋಡು" ಅಂದಳು. "ಹ್ಞೂಂ ರೀ, ರೊಟ್ಟಿ ಮುಗಿಸಿ ಹೋಗತೇನಿ" ಅಂದೆ. ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ ಹೊರಗೆ ಬಂದಾಗ ತಲೆ ಒಂದು ಕಡೆ ವಾಲಿತ್ತು. ನಿದ್ದೆ ಅಂದುಕೊಂಡೆ. ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು.

ಬಂದವರೆಲ್ಲ ಮೊದಲು ಕೇಳುವುದು, ಕೊನೆಗೆ ಏನಂದಳು ಅಂತ. ಶಿವನಾಮ ಬಂತೇ ಬಾಯಿಗೆ ಅಂತ. ಅಷ್ಟು ಮಂದಿಯ ನಡುವೆ ನನಗೆ ಸುಳ್ಳು ಹೊಳೆಯಲಿಲ್ಲ. "ಚನ್ನಪ್ಪ ಎದ್ದಿರಬೇಕು ನೋಡು ಅಂದ್ರು" ಅಂದೆ. ಮೂಲೆಯಲ್ಲಿ ಕೂತಿದ್ದ ಚನ್ನಪ್ಪ ಕಾಕಾ, "ಯವ್ವಾ, ಎತ್ತಿ ಆಡಿಸಿದ ಮೈದುನನ್ನ ಹೋಗೂ ಮುಂದನೂ ಮರೀಲಿಲ್ಲಲ್ಲ!" ಅಂತ ಎದೆ ಎದೆ ಬಡಿದುಕೊಂಡು ಅತ್ತರು. ಆ ದಿನ ಅವರಷ್ಟು ಯಾರೂ ಅಳಲಿಲ್ಲ. ಇಂದಿಗೂ ಕಂಡಾಗಲೆಲ್ಲ ಕಣ್ಣು ಒರೆಸಿಕೊಳ್ಳುತ್ತಾರೆ. ನಾನು ಹೇಳಿಲ್ಲ. ನೀವೂ ಹೇಳಬೇಡಿ.

ಹೊಲದಲ್ಲೇ, ಮಾವನ ಪಕ್ಕದಲ್ಲಿ, ಬೇವಿನ ಮರದ ಮೂಲೆಯಲ್ಲಿ ಮಣ್ಣು ಮಾಡಿದೆವು. ಅಂದರೆ ಜೇಕಿನ ಮೂಲೆಯಲ್ಲೇ.

ನಮ್ಮ ಯಜಮಾನರು ಅಳಲಿಲ್ಲ. ಶಾಮಿಯಾನಾ, ಅಡಿಗೆಯವರು, ಬಂದವರ ಬಸ್ಸು, ಹೋಗುವವರ ಬಸ್ಸು, ಎಲ್ಲ ನೋಡಿಕೊಂಡರು. ರಾತ್ರಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಮಾತಾಡಿಸಿದರೆ "ಏನಿಲ್ಲ" ಅನ್ನುವರು. ಎಲ್ಲ ಕಾರ್ಯ ಮುಗಿಯುವ ತನಕ ಯಾರೂ ಹೊಲಕ್ಕೆ ಹೋಗಲಿಲ್ಲ. ಮಳೆ ಮಾತ್ರ ದಿನಾ ಬಂತು. ಕಸಕ್ಕೆ ಸೂತಕ ಇರುವುದಿಲ್ಲ. ಕಾರ್ಯವಾದ ಮರುದಿನ ಇವರು ಹೊಲ ನೋಡಿ ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು.

"ಹತ್ತಿ ಕಾಣವಲ್ದು. ಬರೇ ಕಸ."

"ಆಳು ಕೇಳ್ರಿ ಮತ್ತ."

"ಎಲ್ಲಿ ಆಳು? ರಾಣೆಬೆನ್ನೂರು ಕಡೆ ಬೀಜದ ಪ್ಲಾಟಿಗೆ ವ್ಯಾನ್ ಬಂದು ಹೆಣ್ಣಾಳು ಕರಕೊಂಡ್ ಹೋಗತೈತಿ. ಈ ಆದಿತ್ಯವಾರ ಎಣ್ಣಿ ಹೊಡದ್ ಬಿಡ್ತೇನಿ. ಸಾಲಿನ ನಡುವ ಅಷ್ಟ. ನಳಿಗಿ ಮುಂದ ಬಕೀಟ್ ಕಟ್ಟಿ ಹೊಡದ್ರ ಹತ್ತಿಗೆ ಸಿಡಿಯಂಗಿಲ್ಲ."

"ಅತ್ತಿ ಇದ್ದಿದ್ರ…"

"ಅವ್ವ ಈಗ ನೋಡಾಕ ಬರತಾಳೇನು?"

ನಿಜ ಹೇಳುತ್ತೇನೆ, ಒಳಗೊಳಗೆ ನನಗೆ ಹಗುರವೇ ಆಯಿತು. ನನ್ನ ಮೊಣಕಾಲಿಗೂ ವಯಸ್ಸಾಗಿದೆ. ಮೂರು ಎಕರೆ ಒಬ್ಬಳೇ ಕೂತು ಕೀಳುವಷ್ಟು ದೊಡ್ಡ ಸೊಸೆ ನಾನಲ್ಲ. ಇಷ್ಟು ವರ್ಷ ಕಾಪಾಡಿದ್ದು ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಿತ್ತು. ಗೊತ್ತಿದ್ದೂ ಹ್ಞೂಂ ಅಂದೆ. ಆದರೆ ರಾತ್ರಿ ಮಲಗಿದಾಗ ಒಂದು ಯೋಚನೆ ಚುಚ್ಚತೊಡಗಿತು. ಹೊಸ ಮಣ್ಣಿನ ಮೇಲೆ ಕಸ ಬೇಗ ಹುಟ್ಟುತ್ತದೆ. ಅತ್ತೆಯ ಗುಡ್ಡೆಯ ಮೇಲೂ ಹುಟ್ಟಿರಬೇಕು. ಇವರು ಎಣ್ಣಿ ಹೊಡೆಯುತ್ತ ಆ ಮೂಲೆಗೆ ಬಂದಾಗ ಅವಳ ಮೇಲೂ ಹೊಡೆಯುವರೇ? ಹೊಲಕ್ಕೆ ಹೊಡೆದರೆ ಹೊಡೆಯಲಿ, ಮುದುಕಿಯ ಮೇಲೆ ಬೇಡ. ಬೆಳಿಗ್ಗೆ ಎದ್ದು ಅಷ್ಟನ್ನು ಮೊದಲು ನಾನೇ ಕಿತ್ತುಬಿಡೋಣ ಅಂದುಕೊಂಡೆ. ಅಷ್ಟೇ ನನ್ನ ಹೋರಾಟ.

ಆದಿತ್ಯವಾರ ಮಬ್ಬು ಹರಿಯುವ ಮೊದಲೇ ಹೊರಟೆ. ಜಿಟಿಜಿಟಿ ಮಳೆ, ಚಳಿ. ಮೈಮೇಲೆ ಏನಾದರೂ ಬೇಕು ಅಂತ ಗೂಟಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಅದೇ. ತೊಟ್ಟುಕೊಂಡೆ. ಎಲೆ ಅಡಿಕೆಯ ವಾಸನೆ ಇನ್ನೂ ಇತ್ತು. ಅತ್ತೆ ಕಟ್ಟುತ್ತಿದ್ದಂತೆಯೇ ತಲೆಗೆ ಒಂದು ಪಂಚೆ ಸುತ್ತಿಕೊಂಡೆ. ಸೌಟುಗಳ ನಡುವಿನಿಂದ ಕುರ್ಚಗಿ ತೆಗೆದುಕೊಂಡೆ.

ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು. ಎರಡು ವಾರದಲ್ಲಿ ಹೊಲದ ಅತಿ ಹೊಲಸು ಜಾಗ ಅಂದರೆ ನಮ್ಮ ಅತ್ತೆ. ಗುಡ್ಡೆಯ ಅಂಚಿನಿಂದ ಕರಿಕೆ ಹತ್ತುತ್ತಿತ್ತು. ನಡುವೆ ಚನ್ನಪ್ಪ ಸಾಲಾಗಿ ಎದ್ದು ನಿಂತಿದ್ದ. "ನೋಡ್ರೀ ಅತ್ತಿ, ಮೈದುನ ಬಂದಾನ" ಅಂದೆ. ಯಾರೂ ಇರಲಿಲ್ಲ, ನಾನೊಬ್ಬಳೇ ನಕ್ಕೆ. ಕುಕ್ಕರುಗಾಲಿನಲ್ಲಿ ಕೂತು, ದಾ‍ರಿಗೆ ಬೆನ್ನು ಮಾಡಿ, ಗಡ್ಡೆ ಸಮೇತ ಕೀಳತೊಡಗಿದೆ. ಮಂಜು ಎಷ್ಟಿತ್ತೆಂದರೆ ಬೇವಿನ ಮರದ ತಲೆ ಕಾಣುತ್ತಿರಲಿಲ್ಲ.

ಹಿಂದೆ ಕೆಸರಲ್ಲಿ ಹೆಜ್ಜೆ ಸದ್ದು. ಇವರು ಇರಬೇಕು ಅಂದುಕೊಂಡೆ. ಸದ್ದು ತಟ್ಟನೆ ನಿಂತಿತು. ಆಮೇಲೆ ಎಣ್ಣಿ ಹೊಡೆಯುವ ಕ್ಯಾನು ನೆಲಕ್ಕೆ ಬಿದ್ದ ಸದ್ದು.

"ಯವ್ವಾ!"

ಅಂಥ ಧ್ವನಿ ಇವರ ಗಂಟಲಲ್ಲಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ತಿರುಗಬೇಕಿತ್ತು.

"ಹೊಡಿಯಂಗಿಲ್ಲ ಯವ್ವಾ. ನಿನ್ನಾಣಿ ಹೊಡಿಯಂಗಿಲ್ಲ. ಬರೇ ತಂದೇನಿ, ಮುಚ್ಚಳಾನೂ ತಗದಿಲ್ಲ…"

ಇನ್ನಾದರೂ ತಿರುಗಬೇಕಿತ್ತು. ತಿರುಗಲಿಲ್ಲ. ಯಾಕೆ ಅಂತ ಕೇಳಬೇಡಿ. ಹದಿನೈದು ದಿನದಲ್ಲಿ ಇವರು ಇಷ್ಟು ಮಾತಾಡಿದ್ದು ಅದೇ ಮೊದಲು. ಕೈಯಲ್ಲಿ ಜೇಕು ಹಿಡಿದುಕೊಂಡು ಹಾಗೇ ಕೂತೆ.

"ಫೋನ್ ಬಂದಾಗ ನಾ ಅಂಗಡ್ಯಾಗ ಇದ್ದೆ ಯವ್ವಾ. ಒಬ್ಬಂವಗ ಬಾಟ್ಲಿ ಕಟ್ಟಿ ಕೊಡಾಕತ್ತಿದ್ದೆ. ನೀ ಹ್ವಾದಿ ಅಂತ ಕೇಳೀನೂ ಅದನ್ನ ಕಟ್ಟಿದೆ. ಎಷ್ಟ್ ಮುಚ್ಚಳ ಹಾಕಬೇಕು ಅಂತ ಹೇಳಿದೆ. ಪೂರಾ ಹೇಳಿ ಆಮ್ಯಾಲೆ ಬಂದೆ. ಯಾಕ ಹಂಗ ಮಾಡಿದ್ನೋ ಏನೋ ಯವ್ವಾ…"

ಆಗ ತಿರುಗಿದೆ. ಇನ್ನೂ ಕೇಳುವ ಹಕ್ಕು ನನಗಿರಲಿಲ್ಲ.

ಇವರು ನನ್ನ ಮುಖ ನೋಡಿದರು. ಬೆನ್ನ ಹಿಂದೆ ಏನನ್ನೋ ಮುಚ್ಚಿಟ್ಟುಕೊಂಡಿದ್ದರು. ಎಣ್ಣಿಯ ಬಾಟಲಿ. ಐವತ್ತು ದಾಟಿದ ಗಂಡಸು, ತಲೆ ಅರ್ಧ ಬೋಳಾದವರು, ಬೆಲ್ಲ ಕದ್ದ ಹುಡುಗನ ಹಾಗೆ ಎರಡೂ ಕೈ ಹಿಂದೆ ಮಾಡಿಕೊಂಡು ಕೆಸರಿನಲ್ಲಿ ನಿಂತಿದ್ದರು.

"ಏ, ನಿನಗ ಬುದ್ಧಿ ಐತೇನು? ಎದಿ ಒಡದ್ ಸಾಯ್ತಿದ್ದೆ!" ಅಂತ ಕೂಗಿದರು. ಕೂಗು ಮುಗಿಯಲಿಲ್ಲ. ನಡುವೆಯೇ ಮುರಿಯಿತು. ಅಲ್ಲೇ ಒದ್ದೆ ಮಣ್ಣಿನಲ್ಲಿ ಕೂತು ಅಳತೊಡಗಿದರು. ಸಾವಿನ ಮನೆಯಲ್ಲಿ ಅಳುವವರ ಅಳುವಲ್ಲ ಅದು. ಅದಕ್ಕೆ ಲಯ ಇರಲಿಲ್ಲ. ನಾನು ಹತ್ತಿರ ಹೋಗಲಿಲ್ಲ. ನನ್ನ ಕೈ ತುಂಬ ಕೆಸರು, ಮೈ ಮೇಲೆ ಅವರ ಅವ್ವನ ಅಂಗಿ. ಯಾರ ಹಾಗೆ ಸಮಾಧಾನ ಮಾಡುವುದು? ಮತ್ತೆ ಗುಡ್ಡೆಯ ಕಡೆ ಹೊರಳಿ ಕಸ ಕೀಳುತ್ತ ಕೂತೆ. ಬೆನ್ನು ಅವರ ಕಡೆ ಇತ್ತು. ಅವರಿಗೆ ಆಗ ಅದೇ ಬೇಕಿತ್ತು ಅನ್ನಿಸುತ್ತದೆ.

ಬಹಳ ಹೊತ್ತಾದ ಮೇಲೆ ಮೂಗು ಸೀಟಿದ ಸದ್ದು ಕೇಳಿತು. ಬಾಟಲಿಯನ್ನು ಕ್ಯಾನಿನ ಪಕ್ಕದಲ್ಲಿ ಇಟ್ಟು ಬಂದು, ಗುಡ್ಡೆಯ ಆಚೆ ಬದಿಗೆ ನನ್ನ ಎದುರು ಕೂತರು. ಕುಕ್ಕರುಗಾಲಿನಲ್ಲಿ ಕೂರಲು ಬರುವುದಿಲ್ಲ, ಪ್ಯಾಂಟು ಬಿಗಿ. ಕೆಸರಲ್ಲೇ ಚಕ್ಕಳಮಕ್ಕಳ ಹಾಕಿದರು.

"ಇದೇನು, ಹುಲ್ಲೋ?"

"ಜೇಕು. ಬುಡಕ್ಕ ಕೈ ಹಾಕ್ರಿ. ಗಡ್ಡಿ ಉಳೀಬಾರ್ದು."

ಇಪ್ಪತ್ತು ವರ್ಷ ಕಸದ ಔಷಧಿ ಮಾರಿದವರು ಜೇಕನ್ನು ಮೊದಲ ಸಲ ಬೇರುಸಹಿತ ನೋಡಿದ್ದು ಅಂದು. ಬೆರಳಿನಿಂದ ಕೆದರಿ ಕೆದರಿ ಒಂದೊಂದೇ ಗಡ್ಡೆ ತೆಗೆದರು. ಉಗುರಿಗೆ ಮಣ್ಣು ಹೊಕ್ಕಿತು. ನಡುನಡುವೆ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಕೆಸರು ಬಳಿದುಕೊಂಡರು. ಮಂಜು ಸರಿಯಿತು. ಮೂರು ಎಕರೆ ಕಸ ನಮ್ಮನ್ನೇ ನೋಡುತ್ತ ನಿಂತಿತ್ತು. ಅದಕ್ಕೆ ಸೈಕಲ್ ಕುಂಟೆ ಬಂದದ್ದು ಮುಂದಿನ ಆದಿತ್ಯವಾರ.

ಗುಡ್ಡೆ ಪೂರ್ತಿ ಸ್ವಚ್ಛವಾಯಿತು. ತಲೆಯ ಕಡೆ ಒಂದು ಎಳೆ ಸಸಿ ಮಾತ್ರ ಉಳಿಯಿತು. ದುಂಡಗೆ, ಹೃದಯದಾಕಾರದ ಎಲೆ. ಮಳೆಹನಿ ಕೂತು ಮಖಮಲ್ಲಿನ ಹಾಗೆ ಹೊಳೆಯುತ್ತಿತ್ತು. ಇವರು ಅದಕ್ಕೆ ಕೈ ಹಾಕಿದರು. ನಾನು ಕೈ ಹಿಡಿದೆ.

"ಯಾಕ? ಇದು ಕಸ ಅಲ್ಲೇನು?"

"ಅಲ್ರೀ" ಅಂದೆ. "ಹತ್ತಿ ಅದು. ಬಿಡ್ರಿ, ಇರಲಿ."